ಊರೊಳಗಿನ ಹಳ್ಳ

‘ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬಳ್ಳವೆಂದರೆ ಕಾಳನ್ನು ಅಳೆಯುವ ಮಾನ. ಅದು ತುಂಬಿದರೆ ಮನೆಗೆ ಅನ್ನ; ಹಳ್ಳ ತುಂಬಿದರೆ ಊರಿಗೆ ನೀರು. ಈ ಗಾದೆಯನ್ನು ಕಟ್ಟಿದ ಹಿರಿಯರು ಎರಡನ್ನೂ ಸಮಾನ ಗೌರವದಿಂದ ಕಂಡಿದ್ದರು. ಇಂದಾದರೋ ನಗರವಾಸಿಗಳ ಮಾತಿನಲ್ಲಿ ‘ಹಳ್ಳ’ ಎಂಬ ಶಬ್ದವೇ ಅಪರೂಪವಾಗಿದೆ. ಮನೆಯ ಹಿಂದೆ ಹರಿಯುವ ತೊರೆಯನ್ನು ಅವರು ‘ಮೋರಿ’ ಎನ್ನುತ್ತಾರೆ. ಮೂಗು ಮುಚ್ಚಿಕೊಂಡು ಅದನ್ನು ದಾಟುತ್ತಾರೆ. ಹೆಸರು ಬದಲಾದುದು ಅಲ್ಪ ಸಂಗತಿಯೆಂದು ತೋರಬಹುದು. ಆದರೆ ಮೋರಿಯೆಂದು ಕರೆದೊಡನೆಯೇ ಅದಕ್ಕೆ ಕಸವನ್ನು ಸುರಿಯಲು, ಕೊಳಚೆಯನ್ನು ಬಿಡಲು, ಅದರ ಮೇಲೆ ಕಲ್ಲುಚಪ್ಪಡಿ ಹಾಸಿ ಅಂಗಡಿಯನ್ನು ಹೂಡಲು ನಮ್ಮ ಮನಸ್ಸು ಅಂಜುವುದಿಲ್ಲ. ಊರೊಳಗಿನ ಹಳ್ಳವು ನೀರಿನ ಹಾದಿ. ಆ ಹಾದಿಯನ್ನು ನೀರಿಗೇ ಬಿಟ್ಟುಕೊಡುವುದರಲ್ಲಿ ಊರಿನ ಹಿತವೂ ನೆರೆಯೂರುಗಳ ಹಿತವೂ ಅಡಗಿದೆ. ಇದನ್ನು ಬೆಂಗಳೂರು ನಗರದ ಉದಾಹರಣೆಯಿಂದ ವಿಚಾರಿಸಿ ನೋಡೋಣ.

ಬೆಂಗಳೂರು ದೊಡ್ಡ ನದಿಯ ದಂಡೆಯ ಮೇಲೆ ಬೆಳೆದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಪ್ರಸ್ಥಭೂಮಿಯಲ್ಲಿ ಅದು ನೆಲಸಿದೆ. ಊರಿನ ನಡುವೆ ಉತ್ತರ–ದಕ್ಷಿಣವಾಗಿ ಒಂದು ದಿಣ್ಣೆ ಹಬ್ಬಿದೆ. ಹೆಂಚಿನ ಮನೆಯ ನೆತ್ತಿಯ ಮೇಲೆ ಬಿದ್ದ ಮಳೆ ಎರಡು ಇಳಿಜಾರುಗಳಲ್ಲಿ ಹರಿದುಹೋಗುವಂತೆ, ಈ ದಿಣ್ಣೆಯ ಮೇಲೆ ಬಿದ್ದ ಮಳೆಯೂ ಇಬ್ಭಾಗವಾಗುತ್ತದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿ ಕಣಿವೆಯ ಮೂಲಕ ಅರ್ಕಾವತಿಯನ್ನೂ, ಅದರ ಮೂಲಕ ಕಾವೇರಿಯನ್ನೂ ಸೇರುತ್ತದೆ. ಪೂರ್ವಕ್ಕೆ ಇಳಿದ ನೀರು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಯನ್ನು ಕೂಡಿಕೊಂಡು ತಮಿಳುನಾಡಿನತ್ತ ಸಾಗುತ್ತದೆ. ಆದುದರಿಂದ ಬೆಂಗಳೂರಿಗೆ ನದಿಯಿಲ್ಲವೆಂಬ ಮಾತು ಅರ್ಧಸತ್ಯ. ಎರಡು ನದಿಗಳಿಗೆ ನೀರೂಡುವ ನೆತ್ತಿಯ ಮೇಲೆಯೇ ಆ ಊರು ಕುಳಿತಿದೆ.

ನಮ್ಮ ಪೂರ್ವಿಕರು ಈ ನೆಲದ ಗುಣವನ್ನು ಚೆನ್ನಾಗಿ ಅರಿತಿದ್ದರು. ೧೫೩೭ರಲ್ಲಿ ಕೆಂಪೇಗೌಡರು ಇಲ್ಲಿ ಕೋಟೆ ಪೇಟೆಗಳನ್ನು ನಿರ್ಮಿಸಿದಾಗ ಅವುಗಳ ಜೊತೆಯಲ್ಲಿ ಕೆರೆಗಳೂ ಮೈದಳೆದವು. ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಹೆಸರುಗಳನ್ನು ಗಮನಿಸಿರಿ. ಅಂಬುಧಿಯೆಂದರೆ ಸಮುದ್ರ. ತಾವು ಕಟ್ಟಿದ ಕೆರೆಯನ್ನು ಸಮುದ್ರವೆಂದು ಕರೆದವರ ಅಭಿಮಾನ ಎಷ್ಟಿದ್ದಿರಬೇಕು! ಸುತ್ತಲಿನ ಹಳ್ಳಿಗಳವರೂ ಕಣಿವೆಯುದ್ದಕ್ಕೂ ಒಂದರ ಕೆಳಗೊಂದು ಕೆರೆಯನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಮಡಿವಾಳದ ಕೆರೆಯಿಂದ ಅಗರದ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ ಹೀಗೆ ನೀರು ಮೆಟ್ಟಿಲಿಳಿಯುತ್ತ ಸಾಗುತ್ತಿತ್ತು. ಕೆರೆಗಳನ್ನು ಮಣಿಗಳೆಂದರೆ ಅವುಗಳನ್ನು ಪೋಣಿಸಿದ ದಾರವೇ ರಾಜಕಾಲುವೆ. ತೂಬನ್ನು ತೆರೆದು ಗದ್ದೆಗಳಿಗೆ ನೀರು ಹಂಚಲು ನೀರುಗಂಟಿಯಿದ್ದ. ಬೇಸಗೆಯಲ್ಲಿ ಊರಿನವರು ಕೂಡಿ ಹೂಳನ್ನು ಎತ್ತುತ್ತಿದ್ದರು. ಆ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಹಳ್ಳದ ನೀರಿನಿಂದ ಬದುಕುತ್ತಿದ್ದ ಊರು ಹಳ್ಳವನ್ನು ಕಾಯದೆ ಇರುವುದು ಸಾಧ್ಯವಿರಲಿಲ್ಲ.

ಈ ಬಾಂಧವ್ಯ ಸಡಿಲವಾದುದು ಹೇಗೆ? ಊರು ಬೆಳೆದಂತೆಲ್ಲ ದೂರದ ನೀರನ್ನು ತರುವುದು ಅನಿವಾರ್ಯವಾಯಿತು. ೧೮೯೦ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿಯ ನೀರು ಬಂತು. ೧೯೩೩ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ನೀರು ಬಂತು. ೧೯೭೪ರಲ್ಲಿ ಕಾವೇರಿಯೇ ನಗರಕ್ಕೆ ಬಂದಳು. ಸುಮಾರು ೧೦೦ ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ, ಸುಮಾರು ೫೦೦ ಮೀಟರು ಎತ್ತರಕ್ಕೆ, ಯಂತ್ರಗಳ ಬಲದಿಂದ ಆ ನೀರನ್ನು ಏರಿಸಲಾಗುತ್ತಿದೆ. ಇದು ಕಡಿಮೆ ಸಾಧನೆಯಲ್ಲ. ಲಕ್ಷಾಂತರ ಮನೆಗಳ ಕೊಡಗಳು ಇದರಿಂದ ತುಂಬಿವೆ. ಆದರೆ ಕೊಳಾಯಿ ತಿರುಗಿಸಿದರೆ ನೀರು ದೊರೆಯುವ ಕಾಲ ಬಂದಾಗ, ಕಣ್ಣೆದುರಿನ ಕೆರೆಯೂ ಹಳ್ಳವೂ ಜನರಿಗೆ ಬೇಡವಾದವು. ಬೇಡವಾದ ವಸ್ತುವಿಗೆ ಕಾವಲುಗಾರರಿರುವುದಿಲ್ಲ. ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಮಣಿಗಳು ಕಳಚಿಹೋದ ಮೇಲೆ ದಾರದ ಗತಿಯೇನು? ರಾಜಕಾಲುವೆಗಳ ಅಂಚು ಒತ್ತುವರಿಯಾಯಿತು. ಅವುಗಳ ಒಡಲು ಕೊಳಚೆಯ ಪಾಲಾಯಿತು.

ವೃಷಭಾವತಿಯ ಕಥೆಯನ್ನೇ ನೋಡಿರಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಈ ಹೊಳೆ ಹುಟ್ಟಿತೆಂದು ಜನ ನಂಬಿದರು; ಅದಕ್ಕೆ ಪವಿತ್ರವಾದ ಹೆಸರನ್ನಿಟ್ಟರು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಭೈರಮಂಗಲ ಕೆರೆಯನ್ನು ಸೇರಿ, ಮುಂದೆ ಕನಕಪುರದ ಸೀಮೆಯಲ್ಲಿ ಅದು ಅರ್ಕಾವತಿಯನ್ನು ಕೂಡುತ್ತದೆ. ಇಂದು ಆ ಹೊಳೆಯಲ್ಲಿ ಬೇಸಗೆಯಲ್ಲಿಯೂ ನೀರು ತುಂಬಿ ಹರಿಯುತ್ತದೆ. ಆದರೆ ಅದರ ಹೆಚ್ಚಿನ ಪಾಲು ನಗರದ ಮನೆಗಳೂ ಕಾರ್ಖಾನೆಗಳೂ ಬಿಟ್ಟ ಹೊಲಸು. ಪೂರ್ವದ ಕಣಿವೆಯ ಬೆಳ್ಳಂದೂರು ಕೆರೆಯ ಪಾಡೂ ಇದಕ್ಕಿಂತ ಮೇಲಲ್ಲ. ಸುಮಾರು ೯೦೦ ಎಕರೆಗಳಷ್ಟು ವಿಸ್ತಾರವಾದ ಈ ಕೆರೆಯಲ್ಲಿ ಬಟ್ಟೆ ಪಾತ್ರೆ ತೊಳೆಯುವ ಪುಡಿಗಳ ಅಂಶ ಬೆರೆತ ಕೊಳಚೆ ಸೇರಿ, ಕೋಡಿಯಲ್ಲಿ ಬೆಟ್ಟದಂತೆ ನೊರೆಯೆದ್ದು ರಸ್ತೆಗೆ ಹಾರುತ್ತಿತ್ತು. ೨೦೧೫ರ ಮೇ ತಿಂಗಳಿನಲ್ಲಿ ಆ ನೊರೆಗೆ ಬೆಂಕಿ ಹತ್ತಿತು. ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಕೆರೆಯ ಅಂಗಳದಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಿತು. ಬೆಂಕಿಯನ್ನು ಆರಿಸಬೇಕಾದ ನೀರೇ ಬೆಂಕಿಗೆ ನೆಲೆಯಾಯಿತೆಂದರೆ ನಮ್ಮ ನಾಗರಿಕತೆ ಎಲ್ಲಿಯೋ ದಾರಿ ತಪ್ಪಿದೆಯೆಂದೇ ಅರ್ಥವಲ್ಲವೇ?

ಹಳ್ಳದ ಬೆಲೆಯನ್ನು ತಿಳಿಯಲು ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ನಿವೇಶನವೆಂದರೆ ಸುಮಾರು ೧೧೧ ಚದರ ಮೀಟರು. ಒಂದು ಸಂಜೆ ೫೦ ಮಿಲಿಮೀಟರು ಮಳೆಯಾದರೆ ಅಷ್ಟು ನೆಲದ ಮೇಲೆ ಸುಮಾರು ೫,೫೦೦ ಲೀಟರು ನೀರು ಬೀಳುತ್ತದೆ. ಅಂತಹ ಸಾವಿರ ನಿವೇಶನಗಳ ಬಡಾವಣೆಯಲ್ಲಿ ಬೀಳುವುದು ೫೫ ಲಕ್ಷ ಲೀಟರು. ಅದು ಹುಲ್ಲುಗಾವಲಾಗಿದ್ದ ಕಾಲದಲ್ಲಿ ನೀರಿನ ಬಹುಪಾಲನ್ನು ಮಣ್ಣು ಹೀರಿಕೊಳ್ಳುತ್ತಿತ್ತು. ಉಳಿದುದು ಗಿಡಗಂಟಿಗಳ ನಡುವೆ ನಿಧಾನವಾಗಿ ಹರಿದು ಹಳ್ಳಕ್ಕೆ ಇಳಿಯುತ್ತಿತ್ತು. ಈಗ ತಾರಸಿ, ಕಾಂಕ್ರೀಟು, ಡಾಂಬರು ಇವುಗಳ ಮೇಲೆ ಬಿದ್ದ ನೀರು ಒಮ್ಮೆಗೇ ಧಾವಿಸಿ ಬರುತ್ತದೆ. ಬರುವ ನೀರು ಹೆಚ್ಚಿದೆ. ಹೋಗುವ ಹಾದಿ ಕಿರಿದಾಗಿದೆ. ಇದರ ಫಲವೇನೆಂಬುದನ್ನು ಊಹಿಸುವುದು ಕಷ್ಟವಲ್ಲ.

೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ ನಡೆದುದು ಇದೇ. ಕೆರೆಗಳು ಕೋಡಿ ಬಿದ್ದವು, ಕಾಲುವೆಗಳು ಉಕ್ಕಿದವು, ಬಹು ಬೆಲೆಯ ಮನೆಗಳಿದ್ದ ಬಡಾವಣೆಗಳೂ ನೀರಿನಲ್ಲಿ ಮುಳುಗಿದವು. ಉದ್ಯೋಗಕ್ಕೆ ಹೋಗುವವರನ್ನು ಟ್ರಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಮುಂಬಯಿ ನಗರವು ಇಂತಹ ಪಾಠವನ್ನು ಇನ್ನೂ ಮೊದಲೇ, ಇನ್ನೂ ಹೆಚ್ಚಿನ ಬೆಲೆ ತೆತ್ತು ಕಲಿಯಿತು. ೨೦೦೫ರ ಜುಲೈ ೨೬ರಂದು ಅಲ್ಲಿನ ಸಾಂತಾಕ್ರೂಜ಼್ ಕೇಂದ್ರದಲ್ಲಿ ಒಂದೇ ದಿನ ೯೪೪ ಮಿಲಿಮೀಟರು ಮಳೆ ದಾಖಲಾಯಿತು. ಊರೊಳಗೆ ಹರಿಯುವ ಮೀಠೀ ನದಿಯ ದಡಗಳು ಅದಾಗಲೇ ಕಟ್ಟಡಗಳಿಂದ ಕಿರಿದಾಗಿದ್ದವು. ಉಕ್ಕಿದ ನೀರಿನಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡರು. ಅಂತಹ ಮಳೆಯನ್ನು ಯಾವ ಹೊಳೆಯೂ ಸುಲಭವಾಗಿ ತಾಳಲಾರದು, ನಿಜ. ಆದರೆ ಇಕ್ಕಟ್ಟಾದ ಹೊಳೆಯು ಕಷ್ಟವನ್ನು ಇಮ್ಮಡಿಗೊಳಿಸುತ್ತದೆ.

ನೆರೆಯ ಮಾತು ಹೀಗಾದರೆ ಬರದ ಮಾತೂ ಬೇರೆಯಲ್ಲ. ೨೦೨೪ರ ಬೇಸಗೆಯಲ್ಲಿ ಅದೇ ಬೆಂಗಳೂರಿನ ಎಷ್ಟೋ ಕೊಳವೆ ಬಾವಿಗಳು ಬತ್ತಿದವು; ಜನರು ನೀರಿನ ಟ್ಯಾಂಕರುಗಳಿಗಾಗಿ ಕಾದು ನಿಂತರು. ಆ ನಗರದಲ್ಲಿ ವರ್ಷಕ್ಕೆ ಸರಾಸರಿ ೯೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುತ್ತದೆ. ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, ಒಂದೊಂದು ನಿವೇಶನದ ಮೇಲೂ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರು ನೀರು ಮುಗಿಲಿನಿಂದ ಉಚಿತವಾಗಿ ಇಳಿಯುತ್ತದೆ. ಕೆರೆಯಲ್ಲಿ ನಿಂತು, ಹಳ್ಳದ ಮಣ್ಣಿನಲ್ಲಿ ಇಂಗಿದ ನೀರು ಅಂತರ್ಜಲವಾಗಿ ಬಾವಿಗಳಿಗೆ ಒದಗುತ್ತದೆ. ತಳಕ್ಕೂ ಗೋಡೆಗೂ ಕಾಂಕ್ರೀಟು ಮೆತ್ತಿದರೆ ಇಂಗುವ ದಾರಿ ಮುಚ್ಚಿತು. ಮಳೆಗಾಲದಲ್ಲಿ ನೀರನ್ನು ಓಡಿಸುವುದು, ಬೇಸಗೆಯಲ್ಲಿ ನೀರಿಗಾಗಿ ಓಡುವುದು—ಇದು ಜಾಣರ ಲಕ್ಷಣವೇ?

ಹಳ್ಳಗಳನ್ನು ಉಳಿಸಬೇಕೆಂಬ ಮಾತಿಗೆ ಆಕ್ಷೇಪಗಳಿಲ್ಲದಿಲ್ಲ. ಅವುಗಳನ್ನು ಕೇಳದೆ ತಳ್ಳಿಹಾಕುವುದು ನ್ಯಾಯವಲ್ಲ. ‘ಜನಸಂಖ್ಯೆ ಬೆಳೆಯುತ್ತಿದೆ, ಮನೆ, ರಸ್ತೆ, ಆಸ್ಪತ್ರೆಗಳಿಗೆ ನೆಲ ಬೇಕು, ಹಳ್ಳಕ್ಕಾಗಿ ಇಷ್ಟೊಂದು ಜಾಗವನ್ನು ಬಿಡಲಾದೀತೇ?’ ಎಂದು ಕೆಲವರು ಕೇಳುತ್ತಾರೆ. ನೆಲ ಬೇಕೆಂಬುದು ಸತ್ಯ. ಆದರೆ ಹಳ್ಳದ ನೆಲ ಖಾಲಿ ನೆಲವಲ್ಲ. ವರ್ಷದ ಕೆಲವೇ ದಿನಗಳು ತುಂಬಿ ಹರಿದರೂ ಆ ದಿನಗಳಿಗಾಗಿ ಅದು ಉಳಿದ ದಿನಗಳಲ್ಲಿ ಬರಿದಾಗಿರಲೇಬೇಕು. ತೇರಿನ ಬೀದಿಯಲ್ಲಿ ವರ್ಷಕ್ಕೊಮ್ಮೆಯೇ ತೇರು ಹರಿಯುವುದೆಂದು ಬೀದಿಯ ನಡುವೆ ಯಾರಾದರೂ ಮನೆ ಕಟ್ಟುವರೇ? ‘ನಾತ ಹೊಡೆಯುತ್ತಿದೆ, ಸೊಳ್ಳೆಗಳು ಹೆಚ್ಚಿವೆ, ಮುಚ್ಚಿಬಿಡಿ’ ಎಂಬುದು ಇನ್ನೊಂದು ಮಾತು. ಇದನ್ನು ಹೇಳುವವರು ದಿನವೂ ಆ ದಡದಲ್ಲಿ ಬಾಳುವವರು. ಅವರ ಬವಣೆ ನಿಜವಾದುದು. ಆದರೆ ನಾತ ಹಳ್ಳದ ಸ್ವಭಾವವಲ್ಲ. ನಾವು ಅದಕ್ಕೆ ಬೆರೆಸಿದ ಕೊಳಚೆಯ ಸ್ವಭಾವ. ಗಾಯಕ್ಕೆ ಮದ್ದು ಹಾಕದೆ ಬಟ್ಟೆ ಸುತ್ತಿದರೆ ಗಾಯ ಮಾಯುವುದಿಲ್ಲ. ಮುಚ್ಚಿದ ಹಳ್ಳದಲ್ಲಿ ಹೂಳು ಕಣ್ಣಿಗೆ ಕಾಣದೆ ತುಂಬುತ್ತದೆ. ಮಳೆ ಬಂದ ರಾತ್ರಿ ನೀರು ತನಗೆ ತೋಚಿದ ಬಾಗಿಲಿನಿಂದ ಮೇಲೆದ್ದು ಬರುತ್ತದೆ.

ಈ ವಿಷಯದಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ನನ್ನ ಅಭಿಪ್ರಾಯದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬುದು ಗಾದೆ. ಆದರೆ ಹಳ್ಳದ ವಿಷಯದಲ್ಲಿ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ. ಬೆಂಗಳೂರಿನ ಮನೆಯೊಂದರ ಬಚ್ಚಲಿನಿಂದ ಹೊರಟ ನೀರು ಆ ಮನೆಯವರ ಕಣ್ಣಿಂದ ಮರೆಯಾಗುತ್ತದೆ. ಆದರೆ ಭೈರಮಂಗಲದ ಸುತ್ತಿನ ರೈತನ ಗದ್ದೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ. ದಶಕಗಳಿಂದ ಅಲ್ಲಿನವರು ಆ ನೀರಿನಲ್ಲಿ ಕಾಲಿಟ್ಟು ಬೇಸಾಯ ಮಾಡಿದ್ದಾರೆ. ಅವರ ಬಾವಿಗಳ ನೀರೂ ಕೆಟ್ಟಿದೆ. ಊರೊಳಗೆ ಕೂಡ ಹಳ್ಳದ ತಗ್ಗಿನಲ್ಲಿ ಗುಡಿಸಲು ಹಾಕಿಕೊಂಡವರು ಬಹುಮಟ್ಟಿಗೆ ಬಡವರೇ. ಬೇರೆಡೆಯಲ್ಲಿ ನೆಲ ಕೊಳ್ಳಲಾರದೆ ಅವರು ಅಲ್ಲಿಗೆ ಬಂದಿದ್ದಾರೆ. ನೀರು ನುಗ್ಗಿದಾಗ ಮೊದಲು ನೆನೆಯುವುದು ಅವರ ಅಕ್ಕಿಯ ಮೂಟೆ, ಅವರ ಮಕ್ಕಳ ಪುಸ್ತಕ. ಒತ್ತುವರಿ ತೆರವಿನ ಯಂತ್ರ ಬಂದಾಗ ಮೊದಲು ಉರುಳುವುದೂ ಅವರ ಗೋಡೆಯಾಗಬಾರದು. ಅವರಿಗೆ ಬದಲಿ ಆಸರೆಯನ್ನು ಒದಗಿಸಿ, ದೊಡ್ಡ ಕಟ್ಟಡಗಳ ಒತ್ತುವರಿಯನ್ನೂ ಅದೇ ಅಳತೆಗೋಲಿನಿಂದ ಅಳೆದಾಗ ಮಾತ್ರ ಹಳ್ಳದ ರಕ್ಷಣೆ ಧರ್ಮಕಾರ್ಯವೆನಿಸೀತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಕೊಳಚೆಯನ್ನೂ ಮಳೆನೀರನ್ನೂ ಬೇರ್ಪಡಿಸಬೇಕು. ಕೊಳಚೆಗೆ ಒಳಚರಂಡಿಯ ಕೊಳವೆ, ಮಳೆನೀರಿಗೆ ಹಳ್ಳ. ಈ ಎರಡೂ ಕೂಡಿದಲ್ಲಿ ಎರಡೂ ಕೆಡುತ್ತವೆ. ಬೇರ್ಪಡಿಸಿ ಶುದ್ಧಿಗೊಳಿಸಿದರೆ ಕೊಳಚೆಯೂ ಸಂಪತ್ತಾಗಬಲ್ಲದು. ೨೦೧೮ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಬರಪೀಡಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬಹುಕಾಲ ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿತು. ಆ ನೀರನ್ನು ಇನ್ನೂ ಉನ್ನತ ಮಟ್ಟಕ್ಕೆ ಶುದ್ಧಿಗೊಳಿಸಬೇಕೆಂಬ ಅಲ್ಲಿನವರ ಬೇಡಿಕೆ ನ್ಯಾಯವಾದುದು. ಪಡೆಯುವವನು ರೈತನೆಂದು ಕೊಡುವ ನೀರಿನ ಗುಣ ಕಡಿಮೆಯಾಗಬಾರದು.

ಎರಡನೆಯದಾಗಿ, ಹಳ್ಳದ ಎರಡೂ ಬದಿಗಳಲ್ಲಿ ಕಟ್ಟಡವಿಲ್ಲದ ಅಂಚನ್ನು ಉಳಿಸಬೇಕು. ಈ ಅಂಚು ಎಷ್ಟು ಅಗಲವಿರಬೇಕೆಂಬುದು ನ್ಯಾಯಾಲಯದವರೆಗೆ ಹೋದ ಪ್ರಶ್ನೆ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೬ರಲ್ಲಿ ಹೆಚ್ಚಿನ ಅಗಲವನ್ನು ವಿಧಿಸಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ ನಗರದ ಮಹಾಯೋಜನೆಯಲ್ಲಿದ್ದ ಅಳತೆಯನ್ನೇ ಎತ್ತಿಹಿಡಿಯಿತು. ಕಾಗದದ ಮೇಲಿನ ಅಳತೆ ಹೀಗೆ ಬದಲಾಗಬಹುದು. ಮಳೆಗೆ ಆ ಕಾಗದದ ಪರಿವೆಯಿಲ್ಲ. ಆದುದರಿಂದ ಕಾನೂನು ಕೇಳುವ ಕನಿಷ್ಠಕ್ಕಿಂತ ಹೆಚ್ಚನ್ನು ಬಿಡುವುದೇ ವಿವೇಕ. ಅಲ್ಲಿ ಹೊಂಗೆ, ಹೊಳೆಮತ್ತಿಯಂತಹ ಮರಗಳನ್ನು ಬೆಳೆಸಿದರೆ ಬೇರು ಮಣ್ಣನ್ನು ಹಿಡಿಯುತ್ತದೆ, ನೆರಳು ಜನರನ್ನು ಕರೆಯುತ್ತದೆ. ಕೆರೆಗಳನ್ನು ಉಳಿಸಬೇಕು, ಅವುಗಳಿಗೆ ಕೊಳಚೆ ಸೇರದಂತೆ ನೋಡಿಕೊಳ್ಳಬೇಕು ಎಂದು ಸರ್ಕಾರವು ನೇಮಿಸಿದ್ದ ಲಕ್ಷ್ಮಣರಾವ್ ಸಮಿತಿಯು ೧೯೮೦ರ ದಶಕದಲ್ಲಿಯೇ ಸಲಹೆ ನೀಡಿತ್ತು. ಸಲಹೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸಂಕಲ್ಪಕ್ಕೆ. ಇತ್ತೀಚೆಗೆ ಮೆಜೆಸ್ಟಿಕ್ ಪ್ರದೇಶದಿಂದ ಬೆಳ್ಳಂದೂರಿನತ್ತ ಸಾಗುವ ರಾಜಕಾಲುವೆಯಿಂದ ಕೊಳಚೆಯನ್ನು ಬೇರ್ಪಡಿಸಿ, ಅದರ ದಡದಲ್ಲಿ ಕಾಲುದಾರಿಯನ್ನು ನಿರ್ಮಿಸುವ ಕಾರ್ಯ ಆರಂಭವಾಗಿದೆ. ನಗರದಲ್ಲಿ ೮೦೦ ಕಿಲೋಮೀಟರಿಗೂ ಮಿಗಿಲಾದ ರಾಜಕಾಲುವೆಗಳಿರುವಾಗ ಇದು ಮೊದಲ ಹೆಜ್ಜೆ ಮಾತ್ರ. ಆದರೂ ಹೆಜ್ಜೆಯ ದಿಕ್ಕು ಸರಿಯಾಗಿದೆ.

ಕಳೆದುಕೊಂಡ ಹಳ್ಳವನ್ನು ಮರಳಿ ಪಡೆಯುವುದು ಎಷ್ಟು ದುಬಾರಿಯೆಂಬುದಕ್ಕೆ ದಕ್ಷಿಣ ಕೊರಿಯದ ರಾಜಧಾನಿ ಸೋಲ್ ಸಾಕ್ಷಿಯಾಗಿದೆ. ಅಲ್ಲಿನವರು ಚೊಂಗ್ಯೆಚೊನ್ ಎಂಬ ತೊರೆಯನ್ನು ಮುಚ್ಚಿ, ಅದರ ಮೇಲೆ ಎತ್ತರದ ಹೆದ್ದಾರಿಯನ್ನು ಕಟ್ಟಿದ್ದರು. ೨೦೦೩ರಲ್ಲಿ ಆ ಹೆದ್ದಾರಿಯನ್ನು ಕೆಡವಲಾರಂಭಿಸಿದರು; ೨೦೦೫ರ ಅಕ್ಟೋಬರಿನಲ್ಲಿ ಸುಮಾರು ಆರು ಕಿಲೋಮೀಟರು ಉದ್ದದ ತೊರೆ ಮತ್ತೆ ಬೆಳಕು ಕಂಡಿತು. ಇಂದು ಅದರ ದಡದಲ್ಲಿ ಜನ ವಿಹರಿಸುತ್ತಾರೆ. ಆದರೆ ತೊರೆಯ ಸಹಜ ಸೆಲೆ ಸಾಲದೆ, ದೊಡ್ಡ ನದಿಯ ನೀರನ್ನು ಯಂತ್ರದಿಂದ ಎತ್ತಿ ಅದರಲ್ಲಿ ಹರಿಸಬೇಕಾಗಿದೆ. ಹಾಳುಮಾಡಿ ಸರಿಪಡಿಸುವುದಕ್ಕಿಂತ ಇದ್ದುದನ್ನು ಕಾಪಾಡಿಕೊಳ್ಳುವುದೇ ಲೇಸೆಂಬುದು ಇದರ ನೀತಿ.

ಹಳ್ಳ ಬೆಂಗಳೂರಿಗೆ ಮಾತ್ರ ಸೇರಿದುದಲ್ಲ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯಿಂದ ಹೊರಡುವ ನಾಲೆಯಿದೆ. ಬೆಳಗಾವಿಯಲ್ಲಿ ಬಳ್ಳಾರಿ ನಾಲೆಯಿದೆ. ನಿಮ್ಮ ಊರಿನಲ್ಲಿಯೂ ಒಂದಿರಬಹುದು. ಅದರ ಹೆಸರೇನು? ಎಲ್ಲಿ ಹುಟ್ಟುತ್ತದೆ? ಯಾವ ಕೆರೆಯನ್ನು ತುಂಬುತ್ತದೆ? ಯಾವ ನದಿಯನ್ನು ಸೇರುತ್ತದೆ? ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರನ್ನು ಕೇಳಿ ಇದನ್ನು ತಿಳಿಯಬೇಕು. ಹೆಸರನ್ನು ಮರೆತಿದ್ದರೆ ಮತ್ತೆ ಆ ಹೆಸರಿನಿಂದಲೇ ಕರೆಯಬೇಕು. ಅದಕ್ಕೆ ಕಸವನ್ನು ಎಸೆಯದಿರುವುದು, ಎಸೆಯುವವರಿಗೆ ವಿನಯದಿಂದ ತಿಳಿಹೇಳುವುದು, ಮನೆಯ ಮೇಲೆ ಬಿದ್ದ ಮಳೆಯನ್ನು ಮನೆಯಂಗಳದಲ್ಲಿಯೇ ಇಂಗಿಸಲು ಮನೆಯವರನ್ನು ಒಪ್ಪಿಸುವುದು—ಇವು ನಿಮ್ಮ ಕೈಗೆ ಎಟುಕುವ ಕೆಲಸಗಳು. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ. ಕೆಲವರು ನಗರಸಭೆಯ ಸದಸ್ಯರಾಗುವಿರಿ. ಹಲವರು ಮನೆ ಕಟ್ಟುವಿರಿ. ಅಂದು ನಕ್ಷೆಯನ್ನು ಹರಡಿ ಗೆರೆ ಎಳೆಯುವ ಮೊದಲು, ಇಲ್ಲಿ ನೀರಿನ ಹಾದಿ ಯಾವುದೆಂದು ಕೇಳಿರಿ. ನಿಮ್ಮ ಊರಿನಲ್ಲಿ ಹರಿದುಹೋದ ನೀರನ್ನು ನಾಳೆ ಕೆಳಗಿನ ಊರಿನ ಮಗುವೊಂದು ಬೊಗಸೆಯಲ್ಲಿ ಹಿಡಿಯುತ್ತದೆಂಬುದು ಆಗ ನಿಮ್ಮ ನೆನಪಿನಲ್ಲಿರಲಿ.